ಚಿಪ್ಪಿನೊಳಗಿನ ಮಳೆಗಾಲ

ಮಳಲಕುರ್ವೆಯಲ್ಲಿ ಕಲ್ಲು ಇರಲಿಲ್ಲ.

ಹೊಳೆ ಕಡಲಿಗೆ ಸೇರುವ ಅಳಿವೆಯ ನಡುವೆ ಎದ್ದ ದಿಬ್ಬ ಅದು. ಕೆಳಗೆ ಕೆಸರು, ಮೇಲೆ ಮರಳು. ಮಸಾಲೆ ಅರೆಯುವ ಕಲ್ಲು ಕೂಡ ಆಚೆ ದಡದಿಂದ ದೋಣಿಯಲ್ಲಿ ಬರಬೇಕು. ಹಾಗಾಗಿ ಉಪ್ಪುನೀರು ಗದ್ದೆಗೆ ನುಗ್ಗದಂತೆ ಕುರ್ವೆಯ ಸುತ್ತ ಕಟ್ಟೆ ಹಾಕುವ ಕಾಲ ಬಂದಾಗ ಊರಿನವರು ತಮ್ಮಲ್ಲಿ ಇದ್ದದ್ದನ್ನೇ ಹಾಕಿದರು. ಹೊಳೆಯ ಕೆಸರಲ್ಲಿ ಹೆಕ್ಕಿದ ಬೆಳಚು ತಿಂದುಳಿದ ಚಿಪ್ಪು, ಸಿಂಪಿಯ ಚಿಪ್ಪು, ಚಿಪ್ಪು ಸುಟ್ಟ ಸುಣ್ಣ, ನಡುವೆ ಹೊಳೆಯ ಜೇಡಿಮಣ್ಣು. ತಲೆಮಾರುಗಟ್ಟಲೆ ಪೇರಿಸಿದ ಮೇಲೆ ಅದು ಕೋಟೆಯ ಗೋಡೆಯಷ್ಟು ಗಟ್ಟಿಯಾಯಿತು. ಮಳೆಗಾಲ ಹಿಡಿಯುವ ಮೊದಲು ಪ್ರತಿ ಮನೆಯವರೂ ಒಂದು ಬುಟ್ಟಿ ಚಿಪ್ಪು ತಂದು ಕಟ್ಟೆಗೆ ಸುರಿಯಬೇಕು. ಮದುವೆಯಾಗಿ ಬಂದ ಹೆಣ್ಣು ಮೊದಲ ವರ್ಷ ಎರಡು ಬುಟ್ಟಿ ಸುರಿಯಬೇಕು. ಚಿಪ್ಪನ್ನು ಹಿತ್ತಲಲ್ಲಿ ಬಿಸಾಡಿದ ಮನೆಗೆ ಯಾರೂ ಹೆಣ್ಣು ಕೊಡುತ್ತಿರಲಿಲ್ಲ.

ಆಮೇಲೆ ಕಡಲು ಏರಿತು. ಉಬ್ಬರದ ಹೊತ್ತಿಗೆ ಕಟ್ಟೆಯಾಚೆ ದೋಣಿಗಳು ಮನೆಯ ಕಿಟಕಿಯ ಮಟ್ಟಕ್ಕೆ ತೇಲತೊಡಗಿದವು. ಗುಡ್ಡದ ಮೇಲೆ ಜಾಗ ಕೊಡುತ್ತೇವೆ, ಎದ್ದು ಬನ್ನಿ ಎಂದು ಸರ್ಕಾರ ಹೇಳಿತು. ಯಾರೂ ಏಳಲಿಲ್ಲ. ಕೊನೆಗೆ ಸರ್ಕಾರವೇ ಕಟ್ಟೆಯ ಮೇಲೆ ಮಣ್ಣು ಏರಿಸಿ, ಮೂರು ಕಬ್ಬಿಣದ ಗೇಟು ಕೂರಿಸಿ, ಬಡಗಣ ತುದಿಯಲ್ಲಿ ಎತ್ತರದ ಕಂಬಗಳ ಮೇಲೆ ಒಂದು ಕಂಟ್ರೋಲ್ ರೂಮ್ ಕಟ್ಟಿತು. ಅದರ ಕೆಳಗೆ, ತಗಡಿನ ಶೆಡ್ಡಿನಲ್ಲಿ, ಕುಸುಮಾ ಅಂಬಿಗ ಕೆಂಪು ಪಾಚಿಯ ಬೀಜ ಮಾಡುತ್ತಿದ್ದಳು.

ಊರಿನವರು ಅದನ್ನು ಕೆಂಪು ಸೊಪ್ಪು ಅನ್ನುತ್ತಿದ್ದರು. ಮೀನು ಕಡಿಮೆಯಾದ ಮೇಲೆ ಊರು ಉಂಡದ್ದು ಅದರಿಂದ. ಚಳಿಗಾಲದಲ್ಲಿ ಅಳಿವೆಯಲ್ಲಿ ಕಟ್ಟಿದ ಬಲೆಗಳ ಮೇಲೆ ಬೆಳೆಯುವ ತೆಳ್ಳನೆಯ ಹಾಳೆ. ನೀರಲ್ಲಿ ದ್ರಾಕ್ಷಿಯ ಬಣ್ಣ, ಒಣಗಿದರೆ ಕಪ್ಪು. ಹಾಳೆ ಎಷ್ಟು ತೆಳುವೆಂದರೆ ಅದರಡಿ ಇಟ್ಟ ಬೆರಳಿನ ಗೆರೆ ಕಾಣುತ್ತದೆ. ಕೆಲಸಕ್ಕೆ ಸೇರಿದ ವರ್ಷ ಕುಸುಮಾ ಮಹಿಳಾ ಸಂಘದವರನ್ನೆಲ್ಲ ಶೆಡ್ಡಿಗೆ ಕರೆದು ಅದರ ಬಾಳುವೆ ವಿವರಿಸಿದ್ದಳು. ಹಾಳೆಗಳಲ್ಲಿ ಗಂಡು ಹೆಣ್ಣು ಇವೆ. ಹೆಣ್ಣು ತನ್ನ ಅಂಡವನ್ನು ಹೊರಗೆ ಬಿಡುವುದಿಲ್ಲ, ಇದ್ದಲ್ಲೇ ಇಟ್ಟುಕೊಳ್ಳುತ್ತದೆ. ಗಂಡಿನ ಕಣಕ್ಕೆ ಈಜುವ ಬಾಲವಿಲ್ಲ, ನೀರು ಒಯ್ದಲ್ಲಿಗೆ ಹೋಗುತ್ತದೆ.

"ನಮ್ಮೂರ ಗಂಡಸರ ಹಾಗೇ," ಅಂದಿದ್ದ ಹಮ್ಮಣ್ಣ. ಕುಸುಮಾಳ ಸೋದರಮಾವ, ಕಟ್ಟೆ ಕಾಯುವವ. ಹೆಂಗಸರ ಸಭೆಗೆ ಕರೆಯದೆ ಬಂದು ಬಾಗಿಲಲ್ಲಿ ಕೂತಿದ್ದ.

"ನೀನು ಸುಮ್ನೆ ಕೂತ್ಕೋ ಮಾವ."

ಕೂಡಿದ ಮೇಲೆ ಹೆಣ್ಣು ಹಾಳೆಯ ಅಂಚಿನಲ್ಲಿ ಬೀಜಕಣಗಳ ಗಂಟು ಕಟ್ಟುತ್ತದೆ. ಗಂಟು ಒಡೆದು ಕಣ ತಳಕ್ಕೆ ಬೀಳುತ್ತದೆ. ಬಿದ್ದ ಕಣ ಮತ್ತೆ ಹಾಳೆಯಾಗುವುದಿಲ್ಲ. ಅದು ಒಂದು ಚಿಪ್ಪು ಹುಡುಕಿ, ಸುಣ್ಣ ಕರಗಿಸಿ, ಒಳಗೆ ಹೊಗುತ್ತದೆ. ಅಲ್ಲಿ ಕೂದಲಿಗಿಂತ ಸಣ್ಣ ನಸುಗೆಂಪು ಎಳೆಗಳಾಗಿ ಕವಲೊಡೆಯುತ್ತ ಬೇಸಿಗೆ, ಮಳೆಗಾಲ ಕಳೆಯುತ್ತದೆ. ನೀರು ತಣ್ಣಗಾಗಿ ರಾತ್ರಿ ಉದ್ದವಾದಾಗ ಆ ಎಳೆಗಳು ಬೇರೆ ಜಾತಿಯ ಕಣ ಉಗುಳುತ್ತವೆ. ಅವು ಬಲೆಗೆ ಅಂಟಿ ಹಾಳೆಯಾಗುತ್ತವೆ. ಎರಡು ರೂಪಗಳಿಗೆ ಎಲ್ಲೂ ಹೋಲಿಕೆಯಿಲ್ಲ. ಎರಡೂ ಒಂದೇ ಜೀವ ಎಂದು ವಿಜ್ಞಾನಿಗಳಿಗೇ ಬಹಳ ಕಾಲ ಗೊತ್ತಿರಲಿಲ್ಲ.

"ಅಂದ್ರೆ ಚಳಿಗಾಲ ಗಂಡನ ಮನೆ, ಮಳೆಗಾಲ ತವರುಮನೆ," ಅಂದ ಹಮ್ಮಣ್ಣ. ಹೆಂಗಸರು ನಕ್ಕರು. ಅವರಿಗೆ ನೆನಪುಳಿದದ್ದು ಅದೊಂದೇ.

ತೊಂದರೆ ಇದ್ದದ್ದು ತವರುಮನೆಯಲ್ಲಿ. ಚಿಪ್ಪಿನೊಳಗಿನ ಎಳೆಗೂ ಬೆಳಕು ಬೇಕು. ಕರಾವಳಿಯ ಮಳೆಗಾಲದಲ್ಲಿ ಮೋಡ ತಿಂಗಳುಗಟ್ಟಲೆ ಸರಿಯುವುದಿಲ್ಲ, ನೀರು ಚಹಾದಂತೆ ಕದಡಿರುತ್ತದೆ. ಶೆಡ್ಡಿನ ತೊಟ್ಟಿಗಳಲ್ಲಿಟ್ಟ ಸಿಂಪಿ ಚಿಪ್ಪುಗಳಲ್ಲಿ ಮುಕ್ಕಾಲು ಪಾಲು ಸಾಯುತ್ತಿತ್ತು. ಕುಸುಮಾ ಸರಳವಾದ ಉಪಾಯ ಮಾಡಿದಳು. ಎಲ್ಲಕ್ಕಿಂತ ಕತ್ತಲಿನ ತೊಟ್ಟಿಯಲ್ಲಿ ಬದುಕಿ ಉಳಿದ ಚಿಪ್ಪುಗಳಿಂದಲೇ ಮುಂದಿನ ವರ್ಷದ ಬೀಜ ತೆಗೆದಳು. ಅದರ ಮುಂದಿನ ವರ್ಷ ತೊಟ್ಟಿಯನ್ನು ಇನ್ನಷ್ಟು ಕತ್ತಲು ಮಾಡಿದಳು. ಕೆಲವು ಮಳೆಗಾಲ ಕಳೆಯುವಷ್ಟರಲ್ಲಿ ಬೆಳಕಿಲ್ಲದೆಯೂ ಬದುಕುವ ತಳಿ ಅವಳ ಕೈಗೆ ಬಂದಿತ್ತು. ಬೇರೆ ಊರಿನವರು ಬೀಜ ಕೇಳಿಕೊಂಡು ಬಂದರು. ಅವಳಿಗೆ ಕಾರವಾರದಲ್ಲಿ ಶಾಲು ಹೊದಿಸಿದರು.

ಅದೇ ವರ್ಷಗಳಲ್ಲಿ ಅಳಿವೆಯಲ್ಲಿ ಬೆಳಚು ಸಿಗುವುದು ನಿಂತಿತು. ತಿನ್ನಲು ಬೆಳಚು ಇಲ್ಲವಾದರೆ ಕಟ್ಟೆಗೆ ಸುರಿಯಲು ಚಿಪ್ಪೂ ಇಲ್ಲ. ಬುಟ್ಟಿ ಸುರಿಯದೆ ಮಳೆಗಾಲ ಬರಮಾಡಿಕೊಳ್ಳುವುದು ಹೇಗೆಂದು ಊರು ತಲೆಬಿಸಿ ಮಾಡಿಕೊಂಡಿತು. ಶೆಡ್ಡಿನ ಹಿಂದೆ ಬೀಜ ಬಿಟ್ಟು ಮುಗಿದ ಸಿಂಪಿ ಚಿಪ್ಪುಗಳ ರಾಶಿ ಬಿಸಿಲಿಗೆ ಬಿದ್ದಿತ್ತು. ಹಮ್ಮಣ್ಣ ಬಂದು ಕೇಳಿದ.

"ಇದನ್ನು ಒಯ್ಲಾ ಕುಸುಮಿ?"

ಅವಳು ನಾಲ್ಕಾರು ಚಿಪ್ಪು ತೆಗೆದು ಮೇಲ್ಮೈ ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿದಳು. ಎಳೆಗಳು ಬಿಳಚಿ ಒಣಗಿದ್ದವು.

"ಒಯ್ಯಿ. ಸತ್ತದ್ದು."

ಆಮೇಲೆ ಪ್ರತಿ ವರ್ಷ ಊರಿನವರು ಬುಟ್ಟಿ ಹಿಡಿದು ಶೆಡ್ಡಿಗೇ ಬರತೊಡಗಿದರು. ಸಂಪ್ರದಾಯ ತಪ್ಪಲಿಲ್ಲ.

*

ಆಷಾಢದ ಅಮಾವಾಸ್ಯೆಗೆ ಎರಡು ದಿನ ಮೊದಲು ಹಮ್ಮಣ್ಣ ಬಕೆಟ್ ಹಿಡಿದು ಶೆಡ್ಡಿಗೆ ಬಂದ. ಮಳೆಯಲ್ಲಿ ತೊಯ್ದು ತೊಪ್ಪೆಯಾಗಿದ್ದ.

"ನಿನ್ನ ಸೊಪ್ಪು ನಮ್ಮ ಕೊಟ್ಟಿಗೆ ಚರಂಡಿಗೆ ಯಾವಾಗ ಬಂತೇ?"

ಬಕೆಟಿನ ನೀರು ತಿಳಿ ಗುಲಾಬಿ ಬಣ್ಣಕ್ಕಿತ್ತು. ಕುಸುಮಾ ಬೆರಳದ್ದಿದಳು. ಕೆಂಪು ಪಾಚಿ ಸಿಹಿನೀರಿಗೆ ಸಿಕ್ಕಿ ಸತ್ತರೆ ಬಣ್ಣ ಬಿಡುತ್ತದೆ. ಇದು ಶೆಡ್ಡಿನಲ್ಲಿ ಎಲ್ಲರಿಗೂ ಗೊತ್ತಿದ್ದ ವಿಷಯ. ಆದರೆ ಮಾವನ ಕೊಟ್ಟಿಗೆ ಇದ್ದದ್ದು ಕುರ್ವೆಯ ತೆಂಕಣ ಮೂಲೆಯಲ್ಲಿ, ಕಟ್ಟೆಯ ಒಳಬದಿ. ಅಲ್ಲಿ ಪಾಚಿ ಇಲ್ಲ.

"ಎಲ್ಲಿಂದ ಬತ್ತಾ ಅದೆ ಇದು?"

"ಕಟ್ಟೆಯಿಂದ ಒಸರ್ತಾ ಅದೆ. ಮಳೆ ಜೋರಾದಷ್ಟೂ ಕೆಂಪು. ನಿಮ್ಮತ್ತೆ ಕೈಮುಗ್ದು ಹೂ ಹಾಕಿದ್ಲು. ಕಟ್ಟೆ ಮುಟ್ಟಾಗ್ಯದೆ ಅಂತ."

"ತಮಾಷೆ ಸಾಕು ಮಾವ."

"ತಮಾಷೆ ನಾನು ಮಾಡಿದ್ದಲ್ಲ, ಅವಳು ಮಾಡಿದ್ದು." ಅವನು ಸೊಂಟದ ಪಂಜೆಯ ಮಡಿಕೆಯಿಂದ ಒಂದು ಹಳೆಯ ಬೆಳಚಿನ ಚಿಪ್ಪು ತೆಗೆದ. "ಇದೊಂದು ನೋಡು." ಎರಡು ಬೆರಳಲ್ಲಿ ಒತ್ತಿದ. ಚಿಪ್ಪು ಹಾಲಿನಲ್ಲಿ ನೆನೆದ ರಸ್ಕಿನಂತೆ ಕುಸಿಯಿತು. "ನಮ್ಮಜ್ಜ ಹಾಕಿದ್ದಿರಬೇಕು. ಮೊದ್ಲು ಇದರಲ್ಲಿ ತೆಂಗಿನಕಾಯಿ ತುರೀಬಹುದಿತ್ತು."

ಇಬ್ಬರೂ ಕಟ್ಟೆಗೆ ಹೋದರು. ಕುಸುಮಾ ಬೇರೆ ಬೇರೆ ಕಡೆಗಳಿಂದ, ಮೊಣಕೈ ಆಳದಿಂದ ಚಿಪ್ಪು ಕಿತ್ತು ತಂದಳು. ಶೆಡ್ಡಿನಲ್ಲಿ ಒಂದೊಂದನ್ನೂ ಗಾಜಿನ ತಟ್ಟೆಯಲ್ಲಿಟ್ಟು ತಿಳಿಯಾದ ಆಮ್ಲ ಹನಿಸಿದಳು. ಒಳ್ಳೆಯ ಚಿಪ್ಪಾದರೆ ಸೋಡಾ ಬಾಟಲಿ ಒಡೆದಂತೆ ನೊರೆ ಉಕ್ಕಬೇಕು. ಇವು ಸಣ್ಣಗೆ ಸಿರ್ ಎಂದು ಸುಮ್ಮನಾದವು. ಕರಗಲು ಸುಣ್ಣವೇ ಉಳಿದಿರಲಿಲ್ಲ. ತಟ್ಟೆಯ ತಳದಲ್ಲಿ ಉಳಿದದ್ದು ಗುಲಾಬಿ ಹತ್ತಿಯ ಒಂದು ಉಂಡೆ. ಅದು ಚಿಪ್ಪಿನದೇ ಆಕಾರದಲ್ಲಿತ್ತು, ಚಿಪ್ಪಿನ ಗೆರೆಗಳು ಕೂಡ ಇದ್ದವು.

ಅವಳಿಗೆ ಅರ್ಥವಾಗಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕಾಡು ತಳಿಯ ಎಳೆ ಚಿಪ್ಪಿನ ಮೇಲ್ಪದರದಲ್ಲಷ್ಟೇ ಇರುತ್ತದೆ. ಬೆಳಕು ಮುಗಿದಲ್ಲಿ ಅದು ನಿಲ್ಲುತ್ತದೆ. ಇವಳ ತಳಿಗೆ ನಿಲ್ಲುವ ಕಾರಣವಿರಲಿಲ್ಲ. ಕತ್ತಲಿನಲ್ಲಿ ಬದುಕಿದ್ದನ್ನೇ ಆರಿಸಿ ಆರಿಸಿ ಬೆಳೆಸಿದ್ದಳು, ಅದು ಕತ್ತಲಿನೊಳಕ್ಕೇ ಹೋಯಿತು. ಅವಳು ಕೆರೆದು ನೋಡಿದ್ದು ಮೇಲ್ಮೈಯನ್ನು. ಸತ್ತದ್ದು ಮೇಲ್ಮೈ ಮಾತ್ರ. ಒಳಗಿನದು ಬುಟ್ಟಿಯಲ್ಲಿ ಕೂತು ಕಟ್ಟೆಗೆ ಹೋಗಿತ್ತು, ಅಲ್ಲಿಂದ ಪಕ್ಕದ ಚಿಪ್ಪಿಗೆ, ಅದರ ಪಕ್ಕದ ಚಿಪ್ಪಿಗೆ, ಅಜ್ಜಂದಿರ ಕಾಲದ ಚಿಪ್ಪಿಗೆ. ಹೊರಗಿನ ಉಪ್ಪುನೀರು ಒಸರಿ ಅದನ್ನು ಸಾಕಿತ್ತು. ಈಗ ಮಳೆಯ ಸಿಹಿನೀರು ಇಳಿದು ಮೇಲಿನ ಭಾಗದ ಎಳೆಗಳು ಸಾಯುತ್ತಿದ್ದವು. ಸತ್ತರೂ ಪ್ರಯೋಜನವಿಲ್ಲ. ತಿಂದ ಸುಣ್ಣ ವಾಪಸ್ ಬರುವುದಿಲ್ಲ.

"ಮಾವ," ಅಂದಳು, "ಸತ್ತದ್ದು ಅಂತ ಹೇಳಿದವಳು ನಾನು."

"ಹೊತ್ತವ ನಾನು," ಅಂದ ಹಮ್ಮಣ್ಣ. "ಈಗ ಯಾರ ಹತ್ರ ಹೇಳ್ಬೇಕು, ಅದನ್ನು ಹೇಳು."

*

ಕಂಟ್ರೋಲ್ ರೂಮಿನ ಇಂಜಿನಿಯರ್ ಮಹಾಂತೇಶ ಹೂಗಾರ ಬಾಗಲಕೋಟೆ ಕಡೆಯವನು. ಬಂದು ಎರಡು ವರ್ಷವಾದರೂ ಮೀನಿನ ವಾಸನೆಗೆ ಒಗ್ಗಿರಲಿಲ್ಲ. ಊರಿಂದ ತರಿಸಿದ ಖಡಕ್ ರೊಟ್ಟಿ ಡಬ್ಬಿಯಲ್ಲಿಟ್ಟುಕೊಂಡು ಪರದೆಗಳ ಮುಂದೆ ಕೂತಿರುತ್ತಿದ್ದ. ಕುಸುಮಾ ಹೇಳಿದ್ದನ್ನು ಪೂರ್ತಿ ಕೇಳಿದ. ಆಮೇಲೆ ಪರದೆಯನ್ನು ಅವಳ ಕಡೆ ತಿರುಗಿಸಿದ.

"ನೋಡ್ರಿ ಮೇಡಂ. ಕಟ್ಟಿ ಒಂದು ಬೆರಳಷ್ಟೂ ಕುಸಿದಿಲ್ಲ, ವಾಲಿಲ್ಲ. ಎಲ್ಲಾ ಹಸಿರು ಅದಾವ. ಚರಂಡಿ ನೀರು ಕೆಂಪಾತು ಅಂತ ನಾ ಮ್ಯಾಲಿನವ್ರಿಗೆ ಏನಂತ ಹೇಳ್ಲಿ?"

"ನಿಮ್ಮ ಯಂತ್ರ ಎತ್ತರ ನೋಡ್ತದೆ, ಓರೆ ನೋಡ್ತದೆ. ಒಳಗೆ ಟೊಳ್ಳಾಗಿದ್ರೆ ಹೇಗೆ ಹೇಳ್ತದೆ ಸರ್? ಗೆದ್ದಲು ತಿಂದ ಬಾಗಿಲೂ ನೆಟ್ಟಗೇ ನಿಂತಿರ್ತದೆ."

"ಬಾಗಿಲು ಅಂದ್ರ ಬಾಗಿಲು. ಇದು ಕಟ್ಟಿ."

"ಹಾಗಾದ್ರೆ ಕೆಳಗೆ ಬನ್ನಿ."

ಅವನು ರೇನ್‌ಕೋಟು ಹಾಕಿಕೊಂಡು ಬಂದ. ದೋಣಿ ಕಟ್ಟುವ ಕಬ್ಬಿಣದ ಸಲಾಕೆ ಒಂದನ್ನು ಹಮ್ಮಣ್ಣ ಅವನ ಕೈಗೆ ಕೊಟ್ಟ. ಹೂಗಾರ ತೆಂಕಣ ಮೂಲೆಯಲ್ಲಿ, ಸರ್ಕಾರದ ಮಣ್ಣಿನ ಕೆಳಗೆ ಹಳೆಯ ಚಿಪ್ಪಿನ ಕಟ್ಟೆ ಕಾಣುವಲ್ಲಿ, ಸಲಾಕೆ ಊರಿ ಮೈಭಾರ ಹಾಕಿದ. ಭಾರ ಬೇಕಾಗಿರಲಿಲ್ಲ. ಸಲಾಕೆ ಅವನ ಮುಷ್ಟಿಯವರೆಗೂ ಹೋಗಿ ನಿಂತಿತು. ಅವನು ಮುಗ್ಗರಿಸಿ ಕಟ್ಟೆಗೆ ಎದೆ ಕೊಟ್ಟ. ಸಲಾಕೆ ಕಿತ್ತ ತೂತಿನಿಂದ ಗುಲಾಬಿ ನೀರು ಸಣ್ಣಗೆ ಚಿಮ್ಮಿತು.

ಅವನು ಅಂಗೈಯಿಂದ ಆ ತೂತನ್ನು ಮುಚ್ಚಿ ಹಿಡಿದ.

"ನಾಡಿದ್ದು ಅಮಾಸಿ ಉಬ್ಬರ," ಅಂದ. "ಮಧ್ಯಾಹ್ನ ಏರತೈತಿ. ಘಟ್ಟದಾಗ ಮಳಿ ಭಾಳ ಐತಿ, ಹೊಳಿನೂ ತುಂಬಿ ಬರತೈತಿ."

"ನಿಲ್ತದಾ?"

"ನಿಲ್ಲಂಗಿಲ್ಲ."

ದಾರಿ ಇದ್ದದ್ದು ಒಂದೇ. ಉಬ್ಬರ ಏರುವ ಮೊದಲೇ ಮೂರೂ ಗೇಟು ತೆಗೆದು ನೀರನ್ನು ನಿಧಾನವಾಗಿ ಒಳಗೆ ಬಿಡುವುದು. ಒಳಗೂ ಹೊರಗೂ ನೀರು ಸಮವಾದರೆ ಕಟ್ಟೆಯ ಮೇಲೆ ಒತ್ತಡ ಬೀಳುವುದಿಲ್ಲ. ಮನೆಗಳಿಗೆ ಕಿಟಕಿಯವರೆಗೆ ನೀರು ಬರುತ್ತದೆ, ಮನೆ ನಿಲ್ಲುತ್ತದೆ. ಮುಚ್ಚಿಟ್ಟರೆ ಕಟ್ಟೆ ಒಡೆದು ಎಲ್ಲ ನೀರೂ ಒಂದೇ ಕಡೆಯಿಂದ ಒಂದೇ ಸಲ ಬರುತ್ತದೆ.

ಹೂಗಾರ ಮೇಲಿನವರಿಗೆ ಫೋನ್ ಮಾಡಿದ. ಅವರು ನಿಯಮ ನೆನಪಿಸಿದರು. ಹಿಂದೊಮ್ಮೆ ಒಬ್ಬ ಇಂಜಿನಿಯರ್ ಯಾರನ್ನೂ ಕೇಳದೆ ಗೇಟು ತೆಗೆದು ಇಡೀ ಬೆಳೆ ಸಾಯಿಸಿದ್ದ. ಅಂದಿನಿಂದ ಗದ್ದೆಯಲ್ಲಿ ಸಸಿ ಇರುವಾಗ ಗೇಟಿನ ಯಂತ್ರಕ್ಕೆ ಬೀಗ. ಬೀಗದ ಕೈ ಕಟ್ಟೆ ಸಮಿತಿಯ ಅಧ್ಯಕ್ಷರ ಬಳಿ. ಸಮಿತಿ ಒಪ್ಪಿದರೆ ತೆಗೆಯಿರಿ ಅಂದರು.

ಸಮಿತಿಯ ಅಧ್ಯಕ್ಷೆ ಬೀರಮ್ಮ. ಕುಸುಮಾಳ ತಾಯಿ.

*

ಬೀರಮ್ಮ ಒಲೆಯ ಮುಂದೆ ಕೂತು ಒಣ ಬಂಗಡೆ ಸುಡುತ್ತಿದ್ದಳು. ಬೀಗದ ಕೈ ಎಂದಿನಂತೆ ಸೆರಗಿನ ತುದಿಯ ಗಂಟಿನಲ್ಲಿತ್ತು. ಮಗಳು ಹೇಳುವಾಗ ಮೀನು ಮಗುಚುತ್ತಲೇ ಇದ್ದಳು.

"ಆತಾ ಹೇಳಿ?"

"ಆತು."

"ಕಗ್ಗದ ಭತ್ತ ಬಿತ್ತಿ ಮೊಳಕೆ ಬಂದದೆ. ಈಗ ಉಪ್ಪುನೀರು ಬಿಟ್ರೆ ಮೂರು ವರ್ಷ ಗದ್ದೆ ಗದ್ದೆಯಲ್ಲ. ಬಾವಿ ಬಾವಿಯಲ್ಲ. ಅದು ಗೊತ್ತದ್ಯಾ?"

"ಗೊತ್ತದೆ. ಕಗ್ಗ ಸ್ವಲ್ಪ ಉಪ್ಪು ತಡೀತದೆ..."

"ನಂಗೆ ಕಗ್ಗ ಕಲಿಸ್ಬೇಡ." ಬೀರಮ್ಮ ಇಕ್ಕಳ ಕೆಳಗಿಟ್ಟಳು. "ಗುಡ್ಡದ ಮೇಲೆ ಶೀಟಿನ ಮನೆ ಸಾಲಾಗಿ ಕಟ್ಟಿಟ್ಟಿದ್ದಾರೆ, ನೋಡಿದ್ಯಾ? ಒಂದು ಸಲ ನೀರು ಬಿಟ್ಟು ನಾವು ದೋಣಿ ಹತ್ತಿದ್ರೆ ಆತು. ನೀರು ಇಳಿದ ಮೇಲೆ ಬನ್ನಿ ಅಂತ ಯಾರೂ ಕರೀಲಿಕ್ಕಿಲ್ಲ. ಇವತ್ತಿನವರೆಗೂ ಅವ್ರಿಗೆ ಒಂದು ನೆಪ ಬೇಕಿತ್ತು. ಆ ನೆಪ ನನ್ನ ಮಗಳೇ ಬಕೆಟಲ್ಲಿ ತಂದ್ಲು."

"ಅವ್ವಿ, ಕಟ್ಟೆ ನಿಲ್ಲೂದಿಲ್ಲ."

"ನಮ್ಮ ಕೈ ಹಾಕಿದ ಚಿಪ್ಪು ಅದು. ನಾನು ಮದುವೆಯಾದ ವರ್ಷ ಎರಡು ಬುಟ್ಟಿ ಹೊತ್ತೆ, ಹೊಟ್ಟೆಯಲ್ಲಿ ನೀನಿದ್ದಿ. ನಿನ್ನ ಸೊಪ್ಪು ಅದನ್ನು ತಿಂತು ಅಂತ ನೀನು ಹೇಳಿದ ಕೂಡ್ಲೆ ನಾನು ಗೇಟು ಬಿಡ್ಲಾ? ಸತ್ತದ್ದು ಅಂತ ಹೇಳಿದವಳೂ ನೀನೇ ಅಲ್ದಾ?"

ಒಮ್ಮೆ ತಪ್ಪು ಹೇಳಿದವಳು ಎರಡನೆಯ ಸಲ ಸರಿ ಹೇಳಿದಾಗ ನಂಬಬೇಕೆಂದು ಯಾರಿಗೂ ಕಟ್ಟುಪಾಡಿಲ್ಲ.

ಮರುದಿನ ಸಮಿತಿ ಸೇರಿತು. ಮುದುಕರು, ಮಕ್ಕಳು ಕಂಟ್ರೋಲ್ ರೂಮಿಗೂ ಶಾಲೆಯ ತಾರಸಿಗೂ ಹೋಗಲಿ, ಮರಳಿನ ಚೀಲ ಪೇರಿಸೋಣ, ಗೇಟು ಮಾತ್ರ ಬೇಡ ಎಂದು ತೀರ್ಮಾನವಾಯಿತು. ಅರೆಬರೆ ತೀರ್ಮಾನ. ಆದರೆ ಯಾರೂ ಎದುರಾಡಲಿಲ್ಲ. ದಿನವಿಡೀ ಮಳೆಯಲ್ಲಿ ಗಂಡಸರೂ ಹೆಂಗಸರೂ ಚೀಲ ಹೊತ್ತರು. ಕೆಲವರು ಹಿತ್ತಲಲ್ಲಿ ಉಳಿದಿದ್ದ ಚಿಪ್ಪುಗಳನ್ನೂ ತಂದು ಸುರಿದರು.

ಅಮಾವಾಸ್ಯೆಯ ಬೆಳಿಗ್ಗೆ ಬೀರಮ್ಮ ಸ್ನಾನಕ್ಕೆ ಹೋದಾಗ ಸೀರೆ ಬದಲಿಸಲೆಂದು ಬೀಗದ ಕೈ ಬಿಚ್ಚಿ ಅಕ್ಕಿ ಡಬ್ಬಿಯ ಮೇಲಿಟ್ಟಿದ್ದಳು. ಕುಸುಮಾ ಅದನ್ನು ಎತ್ತಿಕೊಂಡಳು. ಸಣ್ಣ ಹಿತ್ತಾಳೆಯ ಕೈ, ಅಮ್ಮನ ಮೈಯ ಬಿಸಿ ಇನ್ನೂ ಇತ್ತು. ಕಂಟ್ರೋಲ್ ರೂಮಿಗೆ ಓಡಿದರೆ ಸ್ನಾನ ಮುಗಿಯುವಷ್ಟರಲ್ಲಿ ತಲುಪಬಹುದು. ಉಬ್ಬರಕ್ಕೆ ಇನ್ನೂ ಬೇಕಾದಷ್ಟು ಹೊತ್ತಿತ್ತು. ಈಗ ಗೇಟು ತೆಗೆದರೆ ನೀರು ನಿಧಾನವಾಗಿ, ತಾನೇ ದಾರಿ ಹುಡುಕಿಕೊಂಡು, ಗದ್ದೆಗೆ ಹರಡಬಹುದು.

"ಕುಸುಮಿ," ಬಚ್ಚಲಿನಿಂದ ಬೀರಮ್ಮನ ದನಿ ಬಂತು. ಸಿಟ್ಟಿರಲಿಲ್ಲ. "ಇಟ್ಟಲ್ಲೇ ಇರ್ಲಿ."

ಕುಸುಮಾ ಬೀಗದ ಕೈಯನ್ನು ಡಬ್ಬಿಯ ಮೇಲೆ ಇಟ್ಟಳು.

*

ಮಧ್ಯಾಹ್ನದ ಹೊತ್ತಿಗೆ ಕಂಟ್ರೋಲ್ ರೂಮಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಮುದುಕಿಯರು ಗೋಡೆಗೆ ಒರಗಿದ್ದರು. ಯಾರದೋ ಕೋಳಿ ಹೂಗಾರನ ಮೇಜಿನ ಕೆಳಗೆ ಕೂತಿತ್ತು. ಬೀರಮ್ಮ ಕಿಟಕಿಯ ಬಳಿ ನಿಂತಿದ್ದಳು. ಅಲ್ಲಿಂದ ಇಡೀ ಕುರ್ವೆ ಕಾಣುತ್ತಿತ್ತು. ಹೊರಗಿನ ನೀರು ಕಟ್ಟೆಯ ನೆತ್ತಿಗೆ ಹತ್ತಿರವಾಗಿತ್ತು. ಒಳಗೆ, ಅದಕ್ಕಿಂತ ಎಷ್ಟೋ ಕೆಳಗೆ, ಕಗ್ಗದ ಎಳೆ ಹಸಿರು, ಹೆಂಚಿನ ಮಾಡುಗಳು.

"ಇನ್ನೂ ಏರಾಕತ್ತೈತಿ," ಅಂದ ಹೂಗಾರ. "ಬೀರಮ್ಮಾರ, ಈಗ ತೆಗದ್ರೂ ಪೂರ್ತಿ ಸಮ ಆಗಂಗಿಲ್ಲ. ಅರ್ಧರ ಆಗತೈತಿ."

"ನಿಮ್ಮ ಯಂತ್ರ ಏನು ಹೇಳ್ತದೆ?"

"ಹಸಿರು ಅಂತೈತಿ." ಅವನು ಪರದೆ ನೋಡಲಿಲ್ಲ. "ನಾ ಅದನ್ನ ನಂಬೂದಿಲ್ಲ."

ಬೀರಮ್ಮನ ಫೋನ್ ರಿಂಗಾಯಿತು. ಹಮ್ಮಣ್ಣ. ಅವನು ಕೊನೆಯ ಚೀಲಗಳನ್ನು ಪೇರಿಸಲು ತೆಂಕಣ ಮೂಲೆಗೆ ಹೋಗಿದ್ದ. ಸ್ಪೀಕರಿನಲ್ಲಿ ಮಳೆಯ ಸದ್ದೇ ಹೆಚ್ಚು ಕೇಳಿತು.

"ಅಕ್ಕಾ, ಕಟ್ಟೆ ಮೇಲೆ ನಿಂತಿದ್ದೆ. ಕಾಲು ಹುಗೀತಾ ಅದೆ."

"ಮಳೆಗೆ ಮಣ್ಣು ಮೆತ್ತಗಾಗೂದೇ."

"ಮಣ್ಣಲ್ಲ ಇದು. ಮೊಣಕಾಲ ತನಕ ಹೋತು. ಕೈ ಹಾಕಿ ತೆಗೆದ್ರೆ ಹತ್ತಿ. ನಮ್ಮಪ್ಪ ಹಾಕಿದ್ದು, ನಾನು ಹಾಕಿದ್ದು, ಎಲ್ಲಾ ಹತ್ತಿ. ಕುಸುಮಿ ಹೇಳಿದ್ದು ಸರಿ ಅದೆ ಅಕ್ಕಾ."

ಬೀರಮ್ಮ ಸೆರಗಿನ ಗಂಟು ಬಿಚ್ಚಲು ಹೋದಳು. ಒದ್ದೆ ಗಂಟು ಬಿಗಿದಿತ್ತು. ಹಲ್ಲಲ್ಲಿ ಕಚ್ಚಿ ಎಳೆದಳು. ಬೀಗದ ಕೈಯನ್ನು ಹೂಗಾರನಿಗೆ ಕೊಡಲಿಲ್ಲ, ಮಗಳ ಕೈಗೆ ಕೊಟ್ಟಳು.

"ಬಿಡು."

ಗೇಟುಗಳು ಎದ್ದವು. ಕೆಂಪು ಕದಡಿನ ನೀರು ಮೂರು ಕಡೆಯಿಂದ ಕಾಲುವೆಗೆ ಬಿತ್ತು, ಕಾಲುವೆಯಿಂದ ಗದ್ದೆಗೆ ಏರಿತು. ಕಗ್ಗ ಮುಳುಗುವುದನ್ನು ಎಲ್ಲರೂ ನೋಡಿದರು. ಒಬ್ಬ ಮುದುಕಿ ಸಣ್ಣಗೆ ಅಳತೊಡಗಿದಳು. ಅವಳ ಮೊಮ್ಮಗಳು ಅವಳ ಬಾಯಿ ಮುಚ್ಚಿದಳು.

"ಮಾವ, ಇಳಿದು ಬಾ," ಕುಸುಮಾ ಫೋನಿಗೆ ಹೇಳಿದಳು. "ಗೇಟು ತೆಗೆದಾತು. ಇನ್ನು ಚೀಲ ಬೇಡ. ಕಟ್ಟೆ ಮೇಲೆ ಬರಬೇಡ, ಒಳಗಿನ ದಾರಿಯಲ್ಲಿ ಶಾಲೆಗೆ ಓಡು."

"ಬತ್ತೆ. ಎಮ್ಮೆ ಕಟ್ಟಿಹಾಕಿದ್ದದೆ. ಬಿಚ್ಚಿ ಬತ್ತೆ."

"ಎಮ್ಮೆ ಬಿಡು ಮಾವ."

"ಅದನ್ನೇ ಹೇಳಿದ್ದು. ಬಿಟ್ಟು ಬತ್ತೆ." ಅವನು ನಕ್ಕದ್ದು ಕೇಳಿಸಿತು.

ಒಳಗಿನ ನೀರು ಮೆಟ್ಟಿಲುಗಳ ಮೇಲೆ ಬಂತು, ಜಗುಲಿಗೆ ಬಂತು. ಹೂಗಾರ ಹೊರಗಿನ ಮಟ್ಟ, ಒಳಗಿನ ಮಟ್ಟ ಎರಡನ್ನೂ ಗಟ್ಟಿಯಾಗಿ ಓದುತ್ತಿದ್ದ. ಅಂತರ ಕಡಿಮೆಯಾಗುತ್ತಿತ್ತು. ಬೆಳಿಗ್ಗೆ ತೆಗೆದಿದ್ದರೆ ಈ ಹೊತ್ತಿಗೆ ಅಂತರವೇ ಇರುತ್ತಿರಲಿಲ್ಲ. ಕುಸುಮಾಳಿಗೆ ಆ ಲೆಕ್ಕ ಯಾರೂ ಹೇಳಿಕೊಡಬೇಕಿರಲಿಲ್ಲ. ಬೀರಮ್ಮನಿಗೂ.

ತೆಂಕಣ ಮೂಲೆ ಹೋದಾಗ ಸದ್ದು ಆಗಲಿಲ್ಲ. ಕಲ್ಲಿನ ಕಟ್ಟೆಯಾದರೆ ಸದ್ದು ಮಾಡಿ ಒಡೆಯುತ್ತದೆ. ಇದು ಒದ್ದೆ ಗೋಣಿಚೀಲದಂತೆ ಕೂತಿತು. ನೆತ್ತಿಯ ಮಣ್ಣು ಇದ್ದಕ್ಕಿದ್ದಂತೆ ಒಂದು ಮನೆಯುದ್ದಕ್ಕೆ ಕಾಣೆಯಾಯಿತು. ಆ ಜಾಗದಲ್ಲಿ ನೀರು ನಯವಾಗಿ, ಗಾಜಿನ ಹಲಗೆಯಂತೆ ಬಗ್ಗಿ ಒಳಗೆ ಬಂತು. ಆ ಮೂಲೆಯ ಮಾಡುಗಳು ಒಂದರ ಹಿಂದೆ ಒಂದು ವಾಲಿದವು. ಪರದೆಯ ಮೇಲೆ ಒಂದು ಹಸಿರು ಚುಕ್ಕೆ ಕೆಂಪಾಯಿತು, ಆಮೇಲೆ ಆರಿತು.

ಕುಸುಮಾ ಮಾವನಿಗೆ ಮತ್ತೆ ಕರೆ ಮಾಡಿ ಫೋನ್ ಕಿವಿಗಿಟ್ಟುಕೊಂಡೇ ಇದ್ದಳು. ಅದು ರಿಂಗಾಗುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ರಿಂಗೂ ಆಗಲಿಲ್ಲ.

ಬಡಗಣ ಭಾಗದಲ್ಲಿ ಕಟ್ಟೆ ನಿಂತಿತು. ಅಲ್ಲಿ ಒಳಗೂ ಹೊರಗೂ ನೀರು ಸುಮಾರು ಸಮವಾಗಿತ್ತು. ಗೇಟು ತೆಗೆದದ್ದರ ಪ್ರಯೋಜನ ಅಷ್ಟು.

*

ಗುಡ್ಡದ ಮೇಲಿನ ಶೀಟಿನ ಮನೆಗಳಲ್ಲಿ ಊರಿನವರು ಮಳೆಗಾಲ ಕಳೆದರು. ಬೀರಮ್ಮ ಹೇಳಿದಂತೆಯೇ ವಾಪಸ್ ಹೋಗಿ ಎಂದು ಯಾರೂ ಹೇಳಲಿಲ್ಲ. ಹಮ್ಮಣ್ಣನ ಎಮ್ಮೆ ಈಜಿ ಆಚೆ ದಡ ಸೇರಿತ್ತು. ಕೊರಳಲ್ಲಿ ಹಗ್ಗವಿರಲಿಲ್ಲ. ಅವನು ಸಿಕ್ಕಿದ್ದು ಮೂರನೆಯ ದಿನ, ಅಳಿವೆಯ ಬಾಯಿಯಲ್ಲಿ.

ತಾಯಿ ಮಗಳು ಒಂದೇ ಕೋಣೆಯಲ್ಲಿದ್ದರು. ಬೀಗದ ಕೈಯ ಮಾತು ಇಬ್ಬರ ಬಾಯಲ್ಲೂ ಬರಲಿಲ್ಲ. ಕುಸುಮಾ ಬೀಜ ಕೊಟ್ಟ ಊರುಗಳಿಗೆಲ್ಲ ಹೋಗಿ ಚಿಪ್ಪುಗಳನ್ನು ಸುಡಿಸಿದಳು. ಒಂದು ಊರಿನಲ್ಲಿ ಸೇತುವೆಯ ಬುಡಕ್ಕೆ ಚಿಪ್ಪು ಸುರಿದಿದ್ದರು. ಅವಳು ಅಲ್ಲಿ ಮಾತಾಡುವಾಗ ಒಬ್ಬ ಎದ್ದು, "ಮೊದ್ಲು ಸತ್ತದ್ದು ಅಂದವರು ನೀವೇ ಅಲ್ವಾ?" ಎಂದು ಕೇಳಿದ. ಹೌದು ಅಂದಳು.

ನೀರು ತಣ್ಣಗಾದ ಮೇಲೆ ಒಂದು ಬೆಳಿಗ್ಗೆ ಇಳಿತದ ಹೊತ್ತಿಗೆ ಅವಳು, ಬೀರಮ್ಮ, ಹೂಗಾರ ದೋಣಿಯಲ್ಲಿ ಮಳಲಕುರ್ವೆಗೆ ಹೋದರು. ತಹಸೀಲ್ದಾರರ ಕಡೆಯವನೊಬ್ಬ ನಷ್ಟ ಬರೆದುಕೊಳ್ಳಲು ಜೊತೆಗೆ ಬಂದಿದ್ದ. ಕುರ್ವೆ ಇಡೀ ಕೆಂಪಾಗಿತ್ತು. ಕಟ್ಟೆಯೊಳಗಿನ ಎಳೆಗಳು ಕಾಲ ಬಂದಾಗ ಕಣ ಬಿಟ್ಟಿದ್ದವು. ಬಾಗಿಲಿನ ಚೌಕಟ್ಟು, ಬಿದ್ದ ತೊಲೆ, ಶಾಲೆಯ ಮೆಟ್ಟಿಲು, ಬಾವಿಯ ರಾಟೆ, ಎಲ್ಲದರ ಮೇಲೂ ದ್ರಾಕ್ಷಿ ಬಣ್ಣದ ತೆಳ್ಳನೆಯ ಹಾಳೆಗಳು ಒದ್ದೆಯಾಗಿ ಜೋತು ಬಿದ್ದಿದ್ದವು. ಬಲೆಯ ಮೇಲೆ ಯಾವ ವರ್ಷವೂ ಅಷ್ಟು ದಟ್ಟವಾಗಿ ಬೆಳೆದಿರಲಿಲ್ಲ.

ಬಂದವನು ಪೆನ್ನು ತೆಗೆದು ಏನೇನು ಹೋಯಿತು ಎಂದು ಕೇಳಿದ. ಬೀರಮ್ಮ ದೋಣಿಯಿಂದ ಇಳಿಯಲಿಲ್ಲ. ಕೂತಲ್ಲಿಂದಲೇ ಹೇಳಿದಳು.

"ಪೂರ್ತಿ ಬಿದ್ದ ಮನೆ ಹದಿನೇಳು. ನಿಂತಿದ್ದೂ ಇರಲಿಕ್ಕಾಗದ್ದು ಇಪ್ಪತ್ತನಾಲ್ಕು. ಕಗ್ಗದ ಗದ್ದೆ, ಎಲ್ಲಾ. ಸಿಹಿನೀರಿನ ಬಾವಿ ಎರಡು. ದೋಣಿ ಐದು. ದನ ಒಂಬತ್ತು, ಕೋಳಿ ಲೆಕ್ಕ ಇಟ್ಟವರಿಲ್ಲ. ಕಟ್ಟೆ ಒಂದು. ಮನುಷ್ಯ ಒಬ್ಬ."